ಹೈಲೈಟರ್ ಪೆನ್ನು ಹೊತ್ತ ನೌಕೆ

ಸ್ಟಾರ್ ಟ್ರೆಕ್‌ನ ಒಂದು ಒಡೆದ ಅಂತರಿಕ್ಷ ನೌಕೆಯ ತಟ್ಟೆಯಾಕಾರದ ಭಾಗದ ಮೇಲೆ ಕೊಳವೆಯಂಥದ್ದು ಕಾಣುತ್ತೆ. ಅದು ಹೈಲೈಟರ್ ಪೆನ್ನು!

1990ರಲ್ಲಿ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್' ಧಾರಾವಾಹಿಗೆ ನೌಕೆಗಳ ಸ್ಮಶಾನವೇ ಬೇಕಾಯ್ತು. ಅಂಗಡೀಲಿ ಸಿಗೋ, ಧಾರಾವಾಹಿಯ ಮುಖ್ಯ ನೌಕೆ ಎಂಟರ್‌ಪ್ರೈಸ್‌ನ ಮಾಡೆಲ್ ಕಿಟ್‌ಗಳನ್ನ ಬಿಚ್ಚಿ, ಇದರ ತಟ್ಟೆಗೆ ಅದರ ಎಂಜಿನ್ ಅಂಟಿಸಿದ್ರು. ಇದೇ ಕಿಟ್‌ಬ್ಯಾಶಿಂಗ್. ಪೆನ್ನು ಹಾಕಿದ ಆ ಪುಣ್ಯಾತ್ಮನ ಧೈರ್ಯಕ್ಕೆ ಶಹಬ್ಬಾಸ್!

ನೀವು ಮಾಡೋದಾದ್ರೆ ಅಳತೆ ನೋಡ್ಕೊಳ್ಳಿ. 1:1000 ಕಿಟ್‌ನ ತಟ್ಟೆಗೆ 1:2500 ಕಿಟ್‌ನ ಒಡಲು ಕೂರಿಸಿದ್ರೆ ಎರಡರ ಕಿಟಕಿಗಳೂ ಒಂದಕ್ಕೊಂದು ಹೊಂದಲ್ಲ. ಕಣ್ಣಿಗೆ ಹೊಡೆಯೋದೇ ಅದು. ಒಂದು ಕಡೆಯ ಕಿಟಕಿಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಚ್ಚಿ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ. ಆಮೇಲೆ ಇಡೀ ನೌಕೆಗೆ ಬೂದು ಪ್ರೈಮರ್. ಬಣ್ಣಬಣ್ಣದ ಪ್ಲಾಸ್ಟಿಕ್ ಎಲ್ಲಾ ಒಂದಾಗುತ್ತೆ. ಪುಟ್ಟಿ ತಲುಪದ ಸಂದುಗಳೂ ಆಗಲೇ ಕಾಣೋದು!