ಶ್ರೀನಾಥ್ ಹೆಗಲ ಮೇಲಿನ ಭಾರ

ದಸರೆ ಹತ್ತಿರವಾದಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲಿ ತಾಲ್ಲೂಕು ಕ್ರೀಡಾಕೂಟಗಳ ಸಡಗರ. ಕಬಡ್ಡಿ, ಕೊಕ್ಕೊ, ವಾಲಿಬಾಲ್ ಎಂದು ಊರೂರಿನ ಹುಡುಗರು ಬಂದು ಸೇರುತ್ತಾರೆ. ಕ್ರಿಕೆಟ್ ಎಂದರೆ ಈ ಹಳ್ಳಿಗಳಲ್ಲಿ ಬಹುಮಟ್ಟಿಗೆ ಬಯಲಿನ, ಟೆನಿಸ್ ಚೆಂಡಿನ ಆಟ. ಅಲ್ಲಿ ದೂರದಿಂದ ಓಡಿಬಂದು ಬಿರುಸಾಗಿ ಚೆಂಡೆಸೆಯುವ ಹುಡುಗನಿಗೆ ತನ್ನ ಜಿಲ್ಲೆಯವರದೇ ಒಂದು ಬಾಳು ಪಾಠವಾಗಬಲ್ಲದು. ಅದು ಜಾವಗಲ್ ಶ್ರೀನಾಥ್ ಅವರದು.

ಹೆಸರಿನಲ್ಲಿರುವ ಜಾವಗಲ್ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಊರು. ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, 1969ರ ಆಗಸ್ಟ್ 31ರಂದು. ಓದಿದ್ದು ಮರಿಮಲ್ಲಪ್ಪ ಶಾಲೆ ಹಾಗೂ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಕ್ಲಬ್ ಪಂದ್ಯವೊಂದರಲ್ಲಿ ಈ ಎತ್ತರದ ಹುಡುಗನನ್ನು ಗುರುತಿಸಿದವರು ಜಿ.ಆರ್.ವಿಶ್ವನಾಥ್. 1989-90ರ ಋತುವಿನಲ್ಲಿ ಹೈದರಾಬಾದ್ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಬಂತು. 1991ರ ನವೆಂಬರ್‌ನಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಪ್ರವೇಶವೂ ಆಯಿತು.

ಅಲ್ಲಿಂದ ಮುಂದೆ ಕಾಯುವ ಕಾಲ. ತವರಿನ ಪಿಚ್‌ಗಳಲ್ಲಿ ಅನಿಲ್ ಕುಂಬ್ಳೆ, ವೆಂಕಟಪತಿ ರಾಜು, ರಾಜೇಶ್ ಚೌಹಾಣ್ ಅವರ ಸ್ಪಿನ್ ದಾಳಿಯದೇ ರಾಜ್ಯಭಾರ. ಹೊಸ ಚೆಂಡಿಗೆ ಕಪಿಲ್ ದೇವ್, ಮನೋಜ್ ಪ್ರಭಾಕರ್ ಇದ್ದರು. ಕಪಿಲ್ ತೆರೆಮರೆಗೆ ಸರಿದ ಮೇಲೆ, 1994ರ ನವೆಂಬರ್‌ನಲ್ಲಷ್ಟೇ ಶ್ರೀನಾಥ್‌ಗೆ ಭಾರತದ ನೆಲದಲ್ಲಿ ಟೆಸ್ಟ್ ಆಡುವ ಅವಕಾಶ ದೊರೆಯಿತು. ವೇಗಿಯ ಬಾಳಿನಲ್ಲಿ ಮೂರು ವರ್ಷ ಸಣ್ಣದಲ್ಲ.

ಕಾದದ್ದು ಮುಗಿಯಿತು, ದುಡಿತ ಶುರುವಾಯಿತು. 1995ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಗೆ ವೃತ್ತಿಪರ ಆಟಗಾರನಾಗಿ ಹೋಗಿ 87 ವಿಕೆಟ್ ಪಡೆದರು. 1996ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ವಿರುದ್ಧ ಎಂಟು ವಿಕೆಟ್ ಬಿದ್ದಾಗ, ಕುಂಬ್ಳೆ ಜೊತೆ ಮುರಿಯದ 52 ರನ್ ಸೇರಿಸಿ ಪಂದ್ಯ ಗೆಲ್ಲಿಸಿದರು. ಮರು ತಿಂಗಳು ಅಹಮದಾಬಾದ್‌ನಲ್ಲಿ 21 ರನ್‌ಗೆ 6 ವಿಕೆಟ್. 170 ರನ್ ಬೆನ್ನಟ್ಟಿದ ದಕ್ಷಿಣ ಆಫ್ರಿಕಾ 105ಕ್ಕೆ ಉರುಳಿತು.

ಈ ದುಡಿತದ ಬೆಲೆ ತೆತ್ತದ್ದು ಹೆಗಲು. ಮನುಷ್ಯನ ಹೆಗಲ ಕೀಲು ಒಂದು ಆಳವಿಲ್ಲದ ಬಟ್ಟಲಿನಲ್ಲಿ ಕೂತ ಗುಂಡಿನಂತೆ. ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಆದರೆ ಹಿಡಿತ ಕಡಿಮೆ. ಆ ಗುಂಡನ್ನು ಸ್ಥಳದಲ್ಲಿ ಹಿಡಿದಿಡುವುದು ಸುತ್ತಲಿನ ನಾಲ್ಕು ಸ್ನಾಯುಗಳು. ವೇಗದ ಬೌಲರ್ ತೋಳು ಬೀಸಿದಾಗಲೆಲ್ಲ ಅವು ಜಗ್ಗಬೇಕು, ಚೆಂಡು ಕೈಬಿಟ್ಟ ಮೇಲೆ ತೋಳಿನ ರಭಸವನ್ನು ತಡೆಯಬೇಕು. ವಿರಾಮವಿಲ್ಲದೆ ಇದೇ ನಡೆದರೆ ಸ್ನಾಯು ಸವೆದು ಹರಿಯುತ್ತದೆ. ಶ್ರೀನಾಥ್‌ಗೆ ಆದದ್ದೂ ಅದೇ. 1997ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ವೆಸ್ಟ್ ಇಂಡೀಸ್ ಸರಣಿಯಲ್ಲಿ ಅವರು ಆಡಲಾಗಲಿಲ್ಲ.

ಇಂಥ ಪೆಟ್ಟಿನ ಬಳಿಕ ವೇಗ ಮರಳುವುದು ಸುಲಭವಲ್ಲ. ಶ್ರೀನಾಥ್ ಮರಳಿದರು. 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ 132 ರನ್‌ಗೆ 13 ವಿಕೆಟ್ ಕಿತ್ತರು. ಆದರೂ ಭಾರತ 46 ರನ್‌ಗಳಿಂದ ಸೋತಿತು. ಅವರ ಅತ್ಯುತ್ತಮ ಸಾಧನೆ ಸೋಲಿನ ಲೆಕ್ಕಕ್ಕೆ ಸೇರಿಹೋಯಿತು.

2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ಗಳಿಸಿದರೂ, ಜೊಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಹತ್ತು ಓವರ್‌ಗೆ 87 ರನ್ ತೆತ್ತರು. ಅದೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಒಟ್ಟು 67 ಟೆಸ್ಟ್‌ಗಳಲ್ಲಿ 236, 229 ಏಕದಿನ ಪಂದ್ಯಗಳಲ್ಲಿ 315 ವಿಕೆಟ್. ಏಕದಿನ ಕ್ರಿಕೆಟ್‌ನಲ್ಲಿ ಭಾರತದ ಬೇರಾವ ವೇಗಿಯೂ ಆ ಸಂಖ್ಯೆ ಮುಟ್ಟಿಲ್ಲ. ಮುಂದೆ 2006ರಲ್ಲಿ ಪಂದ್ಯ ರೆಫರಿಯಾದರು. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾದಾಗ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯೂ ಆದರು.

ಶ್ರೀನಾಥ್ ಹೆಗಲು ನೊಂದಾಗ ನೋಡಲು ವೈದ್ಯರಿದ್ದರು, ತಂಡವಿತ್ತು. ಪಿರಿಯಾಪಟ್ಟಣದ ಬಯಲಿನಲ್ಲಿ ದಿನವಿಡೀ ಚೆಂಡೆಸೆಯುವ ಹುಡುಗನ ಓವರ್‌ಗಳನ್ನು ಎಣಿಸುವವರು ಯಾರು? ನೋವನ್ನು ನುಂಗಿಕೊಂಡು ಎಸೆಯುವುದೇ ಗಂಡಸುತನ ಎಂದುಕೊಂಡರೆ, ಯಾರೋ ಒಬ್ಬ ವಿಶ್ವನಾಥ್ ಬಂದು ಗುರುತಿಸುವ ಮೊದಲೇ ಹೆಗಲು ಸೋತಿರುತ್ತದೆ. ವೇಗ ಕಲಿಸುವ ಮೊದಲು ವಿಶ್ರಾಂತಿ ಕಲಿಸುವ ಗುರುಗಳು ತಾಲ್ಲೂಕಿಗೊಬ್ಬರಾದರೂ ಬೇಕು.