ಕೊನೇ ಸಾಲಿನ ಚಪ್ಪಾಳೆ

ನಮ್ಮ ಸಂಘದ ಕೂಟವೊಂದರಲ್ಲಿ ನಾನೊಂದು ಹನಿಗತೆ ಓದಿದೆ. ಕಸಾರಾ ಲೋಕಲ್‌ನಲ್ಲಿ ಒಬ್ಬ ಹುಡುಗ. ಅಮ್ಮನಿಗೆ ಕಿಟಕಿಯ ಪಕ್ಕ ಕೂರೋದಂದ್ರೆ ಇಷ್ಟ ಅಂತ ಕಂಡವರೊಡನೆಲ್ಲ ಜಗಳವಾಡಿ, ತನ್ನ ಪಕ್ಕದ ಸೀಟನ್ನು ಹಿಡಿದಿಟ್ಟಿದ್ದಾನೆ. ಕೊನೇ ಸಾಲಿನಲ್ಲಿ ಅದರ ಮೇಲೆ ಒಂದು ಚೀಲ ಇಡುತ್ತಾನೆ. ಚೀಲದೊಳಗೆ ಅಮ್ಮನ ಅಸ್ಥಿ. ಗೋದಾವರಿಯಲ್ಲಿ ಬಿಡಲು ನಾಸಿಕಕ್ಕೆ ಒಯ್ಯುತ್ತಿದ್ದಾನೆ.

ಭರ್ಜರಿ ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಗೆಳೆಯ, “ಚೆನ್ನಾಗಿದೆ ಮಾರಾಯಾ, ಇನ್ನೊಮ್ಮೆ ಓದು” ಅಂದ. ಉಬ್ಬಿ ಹೋಗಿ ಮತ್ತೆ ಓದಿದೆ. ಈ ಸಲ ಯಾರೂ ಕೈ ತಟ್ಟಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಬೇಜಾರಾಗಿತ್ತು. ಗುಟ್ಟು ರಟ್ಟಾದ ಮೇಲೆ ಆ ಕತೆಯಲ್ಲಿ ಉಳಿದದ್ದು ಏನೂ ಇಲ್ಲ. ಅಮ್ಮನ ಸಾವನ್ನು ನಾನು ಬರೀ ಒಂದು ಚಮತ್ಕಾರಕ್ಕೆ ಬಳಸಿಕೊಂಡಿದ್ದೆ. ಇದು ಆಮೇಲೆ ಹೊಳೆದು ನಾಚಿಕೆಯಾಯಿತು.

ನಗೆಹನಿಗೂ ಹನಿಗತೆಗೂ ಇರುವ ವ್ಯತ್ಯಾಸ ಇದೇ ಅಂತ ಈಗ ನನಗನ್ನಿಸುತ್ತದೆ. ನಗೆಹನಿ ಕೊನೇ ಸಾಲಿಗಾಗಿಯೇ ಹುಟ್ಟಿದ್ದು. ಒಮ್ಮೆ ಕೇಳಿದರೆ ಅದರ ಕೆಲಸ ಮುಗಿಯಿತು. ಹನಿಗತೆಯ ನಿಜವಾದ ಪರೀಕ್ಷೆ ಎರಡನೇ ಓದಿನಲ್ಲಿ.

ಚೆಕಾಫ್‌ನನ್ನೇ ತೆಗೆದುಕೊಳ್ಳಿ. ಆತನೂ ನಮ್ಮ ಹಾಗೆ ಕಾಲೇಜಿಗೆ ಹೋಗುತ್ತಲೇ ಬರೆದವನು. 1879ರಲ್ಲಿ ಮಾಸ್ಕೋದಲ್ಲಿ ವೈದ್ಯಕೀಯಕ್ಕೆ ಸೇರಿ 1884ರಲ್ಲಿ ಮುಗಿಸಿದ. ಮನೆಯ ಖರ್ಚು ತೂಗಿಸಲು ‘ಅಂತೋಶಾ ಚೆಖೊಂತೆ’ ಎಂಬ ಹೆಸರಿನಲ್ಲಿ ಹಾಸ್ಯಪತ್ರಿಕೆಗಳಿಗೆ ಬರೆಯುತ್ತಿದ್ದ. ಅದರಲ್ಲೊಂದು ‘ಅಸ್ಕೋಲ್ಕಿ’. ಅದರ ಸಂಪಾದಕ ಲೇಕಿನ್‌ನದು ಒಂದೇ ಕಟ್ಟಪ್ಪಣೆ: ಕತೆ ಸುಮಾರು 100 ಸಾಲು ಮೀರಕೂಡದು. ಚೆಕಾಫ್ ಗೊಣಗಿದ, ಆದರೂ ಬರೆದ.

1883ರಲ್ಲಿ ಆ ಪತ್ರಿಕೆಯಲ್ಲಿ ಬಂದದ್ದು ‘ಗುಮಾಸ್ತನ ಸಾವು’. ನಾಟಕಶಾಲೆಯಲ್ಲಿ ಕೂತ ಗುಮಾಸ್ತನೊಬ್ಬ ಸೀನುತ್ತಾನೆ. ತುಂತುರು ಮುಂದೆ ಕೂತ ದೊಡ್ಡ ಅಧಿಕಾರಿಯ ಬೋಳುತಲೆಗೆ ಬೀಳುತ್ತದೆ. ಗುಮಾಸ್ತ ಕ್ಷಮೆ ಕೇಳುತ್ತಾನೆ. ಪರವಾಗಿಲ್ಲ ಅಂದರೂ ಬಿಡದೆ ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಅಧಿಕಾರಿ ರೇಗಿ ಹೊರಗಟ್ಟುತ್ತಾನೆ. ಗುಮಾಸ್ತ ಮನೆಗೆ ಬಂದು, ಸರಕಾರಿ ಉಡುಪನ್ನೂ ಕಳಚದೆ ಸೋಫಾದ ಮೇಲೆ ಮಲಗಿ ಸಾಯುತ್ತಾನೆ.

ಇಲ್ಲಿ ಸಾವು ಗುಟ್ಟೇ ಅಲ್ಲ, ಹೆಸರಿನಲ್ಲೇ ಹೇಳಿಬಿಟ್ಟಿದ್ದಾನೆ. ಹಾಗಾಗಿ ನಾವು ಏನಾಗುತ್ತೆ ಅಂತ ಕಾಯೋದಿಲ್ಲ. ಯಾಕೆ ಹೀಗೆ ಅಂತ ನೋಡುತ್ತೇವೆ. ಮೊದಲ ಸಲ ನಗು ಬರುತ್ತೆ. ಎರಡನೇ ಸಲ ಓದುವಾಗ, ಅವನನ್ನು ಕೊಂದದ್ದು ಅಧಿಕಾರಿಯ ಕೂಗಲ್ಲ, ಹುದ್ದೆಯೆಂದರೆ ಅವನೊಳಗೇ ಕೂತಿದ್ದ ಹೆದರಿಕೆ ಅಂತ ತಿಳಿದು ನಗು ನಿಂತುಹೋಗುತ್ತೆ. ಕಳಚದ ಆ ಉಡುಪು ಸುಮ್ಮನೆ ಬಂದದ್ದಲ್ಲ.

ಇನ್ನೊಬ್ಬ ನಮ್ಮ ಮುಂಬೈಯಲ್ಲೇ ವರ್ಷಗಟ್ಟಲೆ ಇದ್ದವನು, ಸಾದತ್ ಹಸನ್ ಮಂಟೋ. 1948ರಲ್ಲಿ ಮುಂಬೈ ಬಿಟ್ಟು ಲಾಹೋರಿಗೆ ಹೋದ. ಅದೇ ವರ್ಷ ಬಂದ ಅವನ ‘ಸಿಯಾಹ್ ಹಾಶಿಯೆ’ಯಲ್ಲಿ ದೇಶವಿಭಜನೆಯ ಗಲಭೆಯ ಪುಟ್ಟ ಪುಟ್ಟ ಕತೆಗಳಿವೆ. ಕೆಲವಂತೂ ಒಂದೆರಡೇ ಸಾಲು. ಒಂದರಲ್ಲಿ ಕೊಂದವನು ಹೆಣವನ್ನು ನೋಡಿ, ಛೆ, ತಪ್ಪಾಯಿತಲ್ಲ ಅಂದುಕೊಳ್ಳುತ್ತಾನೆ. ತಪ್ಪೇನೆಂದು ಮಂಟೋ ಹೇಳುವುದಿಲ್ಲ. ಸತ್ತವನು ಯಾವ ಜಾತಿ, ಕೊಂದವನು ಯಾವ ಜಾತಿ ಅಂತಲೂ ಹೇಳುವುದಿಲ್ಲ. ಹೇಳಿದ್ದರೆ ನಾವು ಒಂದು ಪಕ್ಷ ಹಿಡಿದು ಹಾಯಾಗಿ ಕೂತುಬಿಡುತ್ತಿದ್ದೆವು. ಬಿಟ್ಟದ್ದರಿಂದ ಆ ಮಾತು ನಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಗಮನಿಸಿ: ಗುಟ್ಟು ಮುಚ್ಚಿಡೋದು ಬೇರೆ, ಓದುವವರಿಗೆ ಬಿಡೋದು ಬೇರೆ. ನಾನು ಮಾಡಿದ್ದು ಮೊದಲನೆಯದು. ಅಸ್ಥಿ ಇದೆ ಅಂತ ಹುಡುಗನಿಗೆ ಮೊದಲಿಂದಲೂ ಗೊತ್ತು. ಓದುವವರಿಂದ ಮಾತ್ರ ಬಚ್ಚಿಟ್ಟಿದ್ದೆ. ಹಾಗೆ ಬಚ್ಚಿಡಲು ಹೋಗಿ ಹುಡುಗನ ಮನಸ್ಸಿನೊಳಕ್ಕೆ ನಾನೇ ಇಣುಕದೆ ಹೋದೆ.

ಆ ರಾತ್ರಿ ಕತೆಯನ್ನು ತಿರುಗಿ ಬರೆದೆ. ಚೀಲದಲ್ಲಿ ಅಮ್ಮನ ಅಸ್ಥಿ ಇದೆ ಅಂತ ಮೊದಲ ಸಾಲಿನಲ್ಲೇ ಹೇಳಿಬಿಟ್ಟೆ. ಆಗ ನೋಡಿ, ಬೇರೆಯದೇ ಪ್ರಶ್ನೆ ಎದ್ದಿತು. ಕಲ್ಯಾಣದಲ್ಲಿ ಒಬ್ಬಳು ಅಜ್ಜಿ ಹತ್ತುತ್ತಾಳೆ. ಗಾಡಿ ತುಂಬಿದೆ. ಎಲ್ಲರ ಕಣ್ಣೂ ಸೀಟಿನ ಮೇಲಿನ ಚೀಲದ ಕಡೆಗೆ. ಹುಡುಗ ಈಗ ಏನು ಮಾಡಬೇಕು? ಅವನು ತಾನು ಎದ್ದು ನಿಂತು, ತನ್ನ ಸೀಟನ್ನು ಅಜ್ಜಿಗೆ ಕೊಟ್ಟ. ಚೀಲ ಕಿಟಕಿಯ ಪಕ್ಕದಲ್ಲೇ ಉಳಿಯಿತು. ಮೊದಲು ಎರಡು ಪುಟ ಇದ್ದದ್ದು ಅರ್ಧ ಪುಟಕ್ಕೆ ಇಳಿಯಿತು.

ಮುಂದಿನ ಕೂಟದಲ್ಲಿ ಓದಿದಾಗ ಚಪ್ಪಾಳೆ ಅಷ್ಟಾಗಿ ಬೀಳಲಿಲ್ಲ. ಚಹಾ ಕುಡಿಯುವಾಗ ಒಬ್ಬಳು ಬಂದು ಕೇಳಿದಳು: “ಆ ಅಜ್ಜಿ ಎಲ್ಲಿ ಇಳಿದಳು?” ನನಗೂ ಗೊತ್ತಿರಲಿಲ್ಲ. ಆದರೆ ಕೇಳಿದ್ದು ಸಂತೋಷವಾಯಿತು.

ಗೆಳೆಯರೇ, ಮುಂದಿನ ಸಂಚಿಕೆಗೆ ಹನಿಗತೆ ಕೊಡುವವರು ಮೊದಲು ಯಾರಿಗಾದರೂ ಓದಿ ಹೇಳಿ. ಒಂದು ಸಲ ಅಲ್ಲ, ಎರಡು ಸಲ.