ಕಥೆಯ ಕೊನೆಯನ್ನು ಊಹಿಸುವವರು

ಕಳೆದ ಬೇಸಗೆಯ ರಜೆಯಲ್ಲಿ ನ್ಯಾಮತಿಯ ನಮ್ಮ ಮನೆಯ ಜಗಲಿಯ ಮೇಲೆ ಒಂದು ವ್ಯಾಜ್ಯವು ನಮ್ಮ ಮುಂದೆ ವಿಚಾರಣೆಗೆ ಬಂದಿತು. ಜಗಳೂರಿನಿಂದ ಬಂದಿದ್ದ ನಮ್ಮ ಮಗಳು ಹನ್ನೆರಡು ವರ್ಷದ ತನ್ನ ಮಗನ ಮೇಲೆ ದೂರಿದಳು: “ಅಪ್ಪಾ, ಇವನಿಗೆ ಹೊತ್ತೆಲ್ಲ ಜಪಾನಿನ ಕಡಲ್ಗಳ್ಳರ ಕಥೆಯೇ ಆಯಿತು. ಓದುವುದು ಸಾಲದೆಂದು ಅದರ ಕೊನೆಯನ್ನೂ ತಾನೇ ಕಟ್ಟುತ್ತಾನೆ. ನೀವಾದರೂ ಬುದ್ಧಿ ಹೇಳಿ.” ಚನ್ನಗಿರಿಯಿಂದ ಬಂದಿದ್ದ ಮೊಮ್ಮಗಳೂ ಹೊನ್ನಾಳಿಯ ಮೊಮ್ಮಗನೂ ಇದೇ ಅಪರಾಧದಲ್ಲಿ ಪಾಲುಗಾರರೆಂದು ಆಮೇಲೆ ತಿಳಿಯಿತು.

ಗದರಿಸಲೆಂದೇ ನಾವು ಕುಳಿತೆವು. ಆದರೆ ಉಪಾಧ್ಯಾಯರ ಹಳೆಯ ಅಭ್ಯಾಸದಿಂದ “ನಿನ್ನ ಊಹೆಗೆ ಆಧಾರವೇನು?” ಎಂದು ಕೇಳಿದೆವು. ಹುಡುಗನು ಒಂದು ನೋಟುಪುಸ್ತಕವನ್ನು ತಂದು ಬಿಚ್ಚಿದನು.

ಕಥೆಯ ಹೆಸರು ವನ್ ಪೀಸ್. ಐಇಚಿರೋ ಓಡಾ ಎಂಬವರು 1997ರಲ್ಲಿ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಈ ಚಿತ್ರಕಥೆಯನ್ನು ಆರಂಭಿಸಿದರು. ಸುಮಾರು ಐದು ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಅದು ನೂರಕ್ಕೂ ಮಿಕ್ಕ ಸಂಪುಟಗಳಾಗಿ ಬೆಳೆದು, 2022ರಲ್ಲಿ ಅಂತ್ಯಭಾಗವನ್ನು ಪ್ರವೇಶಿಸಿತು. ಕಡಲ್ಗಳ್ಳರ ರಾಜನಾದ ರೋಜರನು ವಧಸ್ಥಾನದಲ್ಲಿ ನಿಂತು, ತನ್ನ ನಿಧಿಯನ್ನು ಹುಡುಕಿಕೊಳ್ಳಿರೆಂದು ಸಾರಿ ಸತ್ತನು. ಲೂಫಿಯೆಂಬ ಹುಡುಗನು ಅದನ್ನರಸುತ್ತ ಹೊರಟಿದ್ದಾನೆ. ನಿಧಿಯು ಯಾವುದೆಂಬುದೇ ಲೋಕದ ವಾಚಕರೆಲ್ಲರ ಚರ್ಚೆ.

ಲೋಕವನ್ನು ಸುತ್ತುವರಿದು ಕಡಲುಗಳನ್ನು ಬೇರ್ಪಡಿಸಿರುವ ಮಹಾಪರ್ವತವು ಒಡೆದು, ಎಲ್ಲ ಕಡಲುಗಳೂ ಒಂದಾಗುವುವೆಂದು ಜಗಳೂರಿನವನ ಮತ. ಇತಿಹಾಸದಿಂದ ಅಳಿಸಲ್ಪಟ್ಟ ನೂರು ವರ್ಷಗಳ ಸತ್ಯವೇ ನಿಧಿಯೆಂದು ಚನ್ನಗಿರಿಯವಳ ವಾದ. ನಿಧಿಯನ್ನು ಕಂಡ ರೋಜರನು ನಕ್ಕನಾದುದರಿಂದ, ಅದು ನಗೆ ತರಿಸುವ ವಸ್ತುವೇ ಆಗಿರಬೇಕೆಂದು ಹೊನ್ನಾಳಿಯವನ ಹಟ.

ನಮಗೆ ಆಶ್ಚರ್ಯವಾಯಿತು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು ಹೇಳಿದ್ದಾರಷ್ಟೆ. ಅವುಗಳಲ್ಲಿ ಮೊದಲನೆಯದು ಉಪಕ್ರಮೋಪಸಂಹಾರಗಳ ಹೊಂದಿಕೆ. ಮೊದಲ ಅಧ್ಯಾಯದಲ್ಲಿಯೇ ಶಾಂಕ್ಸ್ ಎಂಬವನು ತನ್ನ ಹುಲ್ಲಿನ ಟೋಪಿಯನ್ನು ಲೂಫಿಗಿತ್ತು, ದೊಡ್ಡ ಕಡಲ್ಗಳ್ಳನಾದಾಗ ಹಿಂದಿರುಗಿಸೆಂದನಂತೆ. ಆ ಟೋಪಿಯು ಮರಳದೆ ಕಥೆಯು ಮುಗಿಯಲಾರದೆಂದು ಮೂವರೂ ಒಪ್ಪಿದರು. ಎರಡನೆಯದು ಅಭ್ಯಾಸ, ಎಂದರೆ ಮತ್ತೆ ಮತ್ತೆ ಹೇಳುವಿಕೆ. ನಗೆಯು ಎಲ್ಲೆಲ್ಲಿ ಬಂದಿತೆಂಬುದನ್ನು ಹೊನ್ನಾಳಿಯವನು ಬರೆದಿಟ್ಟಿದ್ದನು. ಶಾಸ್ತ್ರವನ್ನೋದದೆ ಮಕ್ಕಳು ಶಾಸ್ತ್ರದ ಹಾದಿಯಲ್ಲಿಯೇ ನಡೆದಿದ್ದರು! ನಾವು ಮತ್ತೊಂದನ್ನು ಸೇರಿಸಿದೆವು: “ಅಪೂರ್ವತೆಯೂ ಒಂದು ಲಿಂಗ. ಬೇರೆ ದಾರಿಯಿಂದ ತಿಳಿಯಬಾರದುದನ್ನು ಗ್ರಂಥವು ತಿಳಿಸಬೇಕು.” ಚನ್ನಗಿರಿಯವಳು, “ಹಾಗಾದರೆ ಅಜ್ಜಾ, ನಮ್ಮ ಊಹೆ ಸೋತರೆ ಕಥೆ ಗೆದ್ದಂತೆಯೋ?” ಎಂದಳು. ಹೌದೆಂದೆವು.

ಆ ರಾತ್ರಿ ಜಗಳೂರಿನವನು ಮೆಲ್ಲನೆ ಕೇಳಿದನು: “ಬರೆಯುವವರು ನಡುವೆಯೇ ತೀರಿಕೊಂಡರೆ?” ನಾವು ಬಾಣಭಟ್ಟನ ಮಾತನ್ನೆತ್ತಿದೆವು. ಅವನು ಕಾದಂಬರಿಯನ್ನು ಮುಗಿಸದೆಯೇ ಕಾಲವಾದನು. ಮಗನು ಉತ್ತರಭಾಗವನ್ನು ಬರೆದನು. ಕನ್ನಡದಲ್ಲಿ ಗದ್ಯಕಥೆಗೆಲ್ಲ ಹೆಸರಾದ ಪದವು ಅಂತಹ ಅಪೂರ್ಣಕೃತಿಯದು! ಕುಮಾರವ್ಯಾಸನ ಭಾರತವೂ ಗದಾಪರ್ವದೊಡನೆ ಹತ್ತಕ್ಕೆ ನಿಂತಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಮುಂದುವರಿಸಿದವರೂ ಮೊದಲು ಓದಿದವರೇ. ಕೊನೆಯು ಹೇಗಿರಬೇಕೆಂದು ಮನಸ್ಸಿನಲ್ಲಿ ಕಟ್ಟಿದವರೇ. ಹುಡುಗನು ಸಮಾಧಾನಗೊಂಡು ಮಲಗಿದನು.

ಮರುದಿನ ತೀರ್ಪು ಕೊಟ್ಟೆವು. ಪಾಠವು ಮುಗಿದ ಮೇಲೆ ಸಂಜೆ ಒಂದು ಗಂಟೆ ಈ ಕಥೆಗೆ. ಬರಿಯ ಊಹೆ ಸಲ್ಲದು, ಅಧ್ಯಾಯದ ಆಧಾರವನ್ನು ಬರೆಯತಕ್ಕದ್ದು. ಮಗಳು ಅರೆಮನಸ್ಸಿನಿಂದ ಒಪ್ಪಿದಳು. ಗೃಹಸ್ಥರಾದ ವಾಚಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಮಕ್ಕಳ ಕೈಯಿಂದ ಕಥೆಯನ್ನು ಕಸಿಯುವ ಮೊದಲು, ಅದು ಹೇಗೆ ಮುಗಿಯುವುದೆಂದೂ ಏಕೆಂದೂ ಕೇಳಿರಿ. ನಾವು ಶಾಲೆಯಲ್ಲಿದ್ದಾಗ ಕೇಳದೆಯೇ ಕಸಿದ ಪುಸ್ತಕಗಳೆಷ್ಟೋ!

ಮೂವರ ಊಹೆಗಳೂ ಲಕೋಟೆಗಳಲ್ಲಿ ಸೇರಿ, ನಮ್ಮ ಪೆಟ್ಟಿಗೆಯಲ್ಲಿ ಪಂಚಾಂಗಗಳ ಕೆಳಗೆ ಇವೆ. ನಾಲ್ಕನೆಯ ಲಕೋಟೆಯೂ ಒಂದಿದೆ, ಅದು ನಮ್ಮದು. ಅದನ್ನು ಬಿಚ್ಚುವ ದಿನದವರೆಗೆ ದೇವರು ನಮಗೆ ಆಯುಸ್ಸನ್ನು ಕೊಡಲಿ.